ಬಿಳಿ ಸೀರೆಯವರ ವೇತನ ವ್ಯಾಜ್ಯ

ಮಲ್ಲೇಶ್ವರಂ ಬಡಾವಣೆ ಬೆಳೆದದ್ದು ಪ್ಲೇಗಿನ ಭಯದಲ್ಲಿ. 1898ರ ಆಗಸ್ಟಿನಲ್ಲಿ ಆ ಮಹಾಮಾರಿ ಬೆಂಗಳೂರಿಗೆ ಕಾಲಿಟ್ಟಾಗ ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಮನೆಗಳು ಒಂದಾದ ಮೇಲೊಂದು ಬರಿದಾದವು. ಮನೆಯಲ್ಲಿ ಇಲಿ ಬಿತ್ತೆಂದರೆ ಸಾಕು, ಸಂಸಾರವೇ ಗಂಟುಮೂಟೆ ಕಟ್ಟಿ ಊರಾಚೆಯ ಗುಡಿಸಲು ಸೇರುತ್ತಿದ್ದ ಕಾಲವದು. ಸಂಸ್ಥಾನದ ಪ್ಲೇಗ್ ಕಮಿಷನರಾಗಿದ್ದವರು ವಿ.ಪಿ. ಮಾಧವರಾವ್, ಮುಂದೆ ಮೈಸೂರಿನ ದಿವಾನರಾದವರು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಕಾಡು ಮಲ್ಲೇಶ್ವರನ ಗುಡಿಯ ಸುತ್ತಣ ಬಯಲು, ಈ ಎರಡು ಕಡೆ ಅಗಲವಾದ ಬೀದಿಗಳೂ ಅಡ್ಡರಸ್ತೆಗಳೂ ಗಾಳಿಯಾಡುವ ಮನೆಗಳೂ ಎದ್ದವು. ಆ ಬೀದಿಗಳನ್ನು ಎಳೆದವರ ದೂರದೃಷ್ಟಿಯನ್ನು ನಮ್ಮ ಊರಿನ ಚರಿತ್ರೆ ಮರೆತಿಲ್ಲ. ರೋಗಿಯ ತಲೆದಿಂಬಿನ ಪಕ್ಕ ರಾತ್ರಿಯೆಲ್ಲ ಕೂತವರ ಲೆಕ್ಕವನ್ನು ಮಾತ್ರ ಅದು ಅಷ್ಟು ಜತನವಾಗಿ ಇಟ್ಟುಕೊಂಡಿಲ್ಲ.

ಆ ಕೆಲಸಕ್ಕೆ ಬರುವವರೇ ಆಗ ವಿರಳ. ಪರರ ಮೈ ಮುಟ್ಟುವುದು, ಕೀವು ರಕ್ತ ಒರೆಸುವುದು, ಗಂಡಸರ ವಾರ್ಡಿನಲ್ಲಿ ದೀಪ ಹಿಡಿದು ಓಡಾಡುವುದು, ಇದೆಲ್ಲ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲವೆಂದು ಮೇಲುಜಾತಿಯ ಮನೆಗಳು ತೀರ್ಮಾನಿಸಿಬಿಟ್ಟಿದ್ದವು. 1886ರಲ್ಲಿ ಗುಡ್ ಶೆಫರ್ಡ್ ಸಂನ್ಯಾಸಿನಿಯರು ಸೇಂಟ್ ಮಾರ್ಥಾ ಆಸ್ಪತ್ರೆ ತೆರೆದರು. 1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆಯನ್ನು ಉದ್ಘಾಟಿಸಿದ. ಈ ವಾರ್ಡುಗಳಿಗೆ ಮೊದಲು ಬಂದವರಲ್ಲಿ ಕ್ರೈಸ್ತ ಹೆಣ್ಣುಮಕ್ಕಳು ಬಹಳ. ಬದುಕಿಗೆ ಬೇರೆ ಆಸರೆ ಇಲ್ಲದ ವಿಧವೆಯರು ಸೂಲಗಿತ್ತಿಯ ತರಬೇತಿಗೆ ಸೇರಿದರು. ಮಲ್ಲೇಶ್ವರಂನಲ್ಲಿ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರ ಹೆಸರು ಹೊತ್ತು ಬೆಳೆದ ಆಸ್ಪತ್ರೆ ಇಂದಿಗೂ ಜನರ ಬಾಯಲ್ಲಿ ಕೆ.ಸಿ. ಜನರಲ್. ಜಯಚಾಮರಾಜ ಒಡೆಯರ ತಾಯಿಯ ಹೆಸರು ಅದೆಂಬುದು ಹೆರಿಗೆಗೆ ಬಂದವರಿಗೆ ಗೊತ್ತಿರಲಿ ಬಿಡಲಿ, ವಾರ್ಡಿನ ಸಿಸ್ಟರ್ ಹೆಸರು ಗೊತ್ತಿರುತ್ತಿತ್ತು.

ಅರಸರ ಕಾಲದಲ್ಲಿ ಸಂಬಳವೆಂದರೆ ಒಡೆಯರ ಕೃಪೆ. ಹೆಚ್ಚು ಬೇಕೆಂದರೆ ಇದ್ದ ದಾರಿ ಒಂದೇ, ಮನವಿ. ಮೇಟ್ರನ್ನರ ಮೂಲಕ ವೈದ್ಯಾಧಿಕಾರಿಗೆ, ಅಲ್ಲಿಂದ ಇಲಾಖೆಯ ಮುಖ್ಯಸ್ಥರಿಗೆ, ಅಲ್ಲಿಂದ ದಿವಾನರ ಕಚೇರಿಗೆ ಕಾಗದ ಮೆಟ್ಟಿಲು ಹತ್ತಬೇಕು. ಮೆಟ್ಟಿಲು ಹತ್ತಿದ ಕಾಗದ ಇಳಿದು ಬಂದೀತೆಂಬ ಭರವಸೆ ಯಾರಿಗೂ ಇರಲಿಲ್ಲ. ಇದು ಮೈಸೂರಿನ ಮಾತು ಮಾತ್ರವಲ್ಲ. ಬ್ರಿಟಿಷ್ ಇಂಡಿಯಾದ ಕಾನೂನೂ ಹಾಗೆಯೇ ಇತ್ತು. 1948ರಲ್ಲಿ ಐ.ಎಂ. ಲಾಲ್ ಎಂಬ ಐ.ಸಿ.ಎಸ್. ಅಧಿಕಾರಿಯ ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ದೊರೆತನದ ನೌಕರ ಬಾಕಿ ಸಂಬಳಕ್ಕಾಗಿ ದಾವೆ ಹೂಡಲಾರ ಎಂಬ ಹಳೆಯ ಇಂಗ್ಲಿಷ್ ನಿಯಮವನ್ನೇ ಎತ್ತಿ ಹಿಡಿಯಿತು. ಐ.ಸಿ.ಎಸ್. ಅಧಿಕಾರಿಯ ಪಾಡೇ ಇದಾದರೆ ವಾರ್ಡಿನ ನರ್ಸಮ್ಮನ ಗತಿ ಕೇಳುವುದೇನು!

ಅದಕ್ಕೆ ಎರಡು ವರ್ಷ ಮೊದಲು, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿ ದೇಶದ ಆರೋಗ್ಯದ ವರದಿ ಒಪ್ಪಿಸಿತ್ತು. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಸುಮಾರು 7,000 ನರ್ಸುಗಳು, ಎಂದರೆ 43,000 ಜನಕ್ಕೆ ಒಬ್ಬಾಕೆ, ಎಂಬುದು ಆ ವರದಿ ಕೊಟ್ಟ ಲೆಕ್ಕ. ಅವರ ವಸತಿ, ಊಟ, ದುಡಿಮೆಯ ಗಂಟೆ, ಸಂಬಳ ಯಾವುದೂ ನೆಟ್ಟಗಿಲ್ಲವೆಂದು ಅದು ಮುಚ್ಚುಮರೆಯಿಲ್ಲದೆ ಬರೆಯಿತು. ಅದೇ ವರದಿ ನರ್ಸುಗಳಲ್ಲಿ ಎರಡು ದರ್ಜೆಗಳನ್ನೂ ಸೂಚಿಸಿತು: ಮಿಡ್ಲ್ ಸ್ಕೂಲು ಓದಿದವರಿಗೆ ಕಿರಿಯ ದರ್ಜೆ, ಮೆಟ್ರಿಕ್ ಆದವರಿಗೆ ಹಿರಿಯ ದರ್ಜೆ. ದೇಶಕ್ಕೆ ನರ್ಸುಗಳೇ ಸಿಗದಿದ್ದ ಹೊತ್ತಿನಲ್ಲಿ ಅದು ವ್ಯವಹಾರದ ಮಾತಾಗಿತ್ತು. ಆದರೆ ಓದಿನ ಮೇಲೆ ಎಳೆದ ಆ ಗೆರೆ ಮುಂದೆ ನ್ಯಾಯಾಲಯಗಳಲ್ಲಿ ಯಾವ ರೂಪ ತಾಳಿತೆಂಬುದನ್ನು ಭೋರ್ ಊಹಿಸಿರಲಾರರು.

ಸಂವಿಧಾನ ಬಂದ ಮೇಲೆ ಗಾಳಿ ತಿರುಗಿತು. 1954ರಲ್ಲಿ ಬಿಹಾರದ ಅಬ್ದುಲ್ ಮಜೀದ್ ಎಂಬ ಸಬ್ ಇನ್ಸ್‌ಪೆಕ್ಟರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪ್ರಿವಿ ಕೌನ್ಸಿಲಿನ ಮಾತನ್ನು ಒಪ್ಪದೆ, ಸರ್ಕಾರಿ ನೌಕರ ತನಗೆ ಬರಬೇಕಾದ ಸಂಬಳಕ್ಕಾಗಿ ದಾವೆ ಹೂಡಬಹುದೆಂದು ತೀರ್ಪಿತ್ತಿತು. ಸರ್ಕಾರಿ ವೇತನದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣುವುದಿಲ್ಲ. ಕೃಪೆಯಾಗಿದ್ದದ್ದು ಅಂದು ಹಕ್ಕಾಯಿತು. ಮಜೀದರ ಹೆಸರು ನಮ್ಮ ನೌಕರರ ಸಂಘಗಳ ಗೋಡೆಯ ಮೇಲೆ ಇರಬೇಕಾಗಿತ್ತು.

ಎರಡೇ ವರ್ಷಕ್ಕೆ, 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾಯಿತು. ಹಳೆಯ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದ್ರಾಸಿಗೆ ಸೇರಿದ್ದ ಜಿಲ್ಲೆಗಳು, ಕೊಡಗು, ಐದು ಆಡಳಿತಗಳು ಒಂದರೊಳಗೆ ಬೆರೆತವು. ನಾಡಿನ ಮನಸ್ಸು ಒಂದೇ ದಿನದಲ್ಲಿ ಕೂಡಿತು. ಸಂಬಳದ ಪಟ್ಟಿಗಳು ಹಾಗೆ ಕೂಡಲಿಲ್ಲ. ಮುಂಬಯಿಯ ಶ್ರೇಣಿ ಒಂದು, ನಿಜಾಮರ ಶ್ರೇಣಿ ಇನ್ನೊಂದು, ಮೈಸೂರಿನದು ಮತ್ತೊಂದು. ಯಾರ ಹುದ್ದೆ ಯಾರ ಹುದ್ದೆಗೆ ಸಮ, ಯಾರು ಹಿರಿಯರು, ಯಾರು ಕಿರಿಯರು ಎಂಬ ಪಟ್ಟಿಗಳು ವರ್ಷಗಟ್ಟಲೆ ಸಿದ್ಧವಾದವು, ತಿದ್ದಲ್ಪಟ್ಟವು, ಮತ್ತೆ ಪ್ರಶ್ನಿಸಲ್ಪಟ್ಟವು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಕಲಮು, ವರ್ಗವಾಗಿ ಬಂದ ನೌಕರರ ಸೇವಾ ಷರತ್ತುಗಳನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಬಾರದೆಂದಿತ್ತು. ಆ ಒಂದು ಕಲಮನ್ನು ಹಿಡಿದು ಜನ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಸಚಿವಾಲಯ ಎದುರಿನ ವಿಧಾನಸೌಧಕ್ಕೆ ಹೋಗಿ, ಕೆಂಪು ಗೋಡೆಯ ಅಠಾರ ಕಚೇರಿ ನ್ಯಾಯದ ಕಟ್ಟಡವಾಗಿ ಉಳಿದಿದ್ದ ದಿನಗಳವು.

ಆ ಕಾಲದ ಮೊಕದ್ದಮೆಗಳಲ್ಲಿ ಒಂದನ್ನು ನಿಂತು ನೋಡಬೇಕು. ಅದು ನರ್ಸುಗಳದ್ದಲ್ಲ, ಟ್ರೇಸರುಗಳದ್ದು. ಎಂಜಿನಿಯರಿಂಗ್ ಇಲಾಖೆಯಲ್ಲಿ ನಕ್ಷೆಯ ಮೇಲೆ ತೆಳುಹಾಳೆ ಹಾಸಿ ಗೆರೆ ತೆಗೆಯುವವರು. ಹೈದರಾಬಾದ್ ಸಂಸ್ಥಾನದಿಂದ ಮೈಸೂರಿಗೆ ಹಂಚಿಕೆಯಾದ ಪಿ. ನರಸಿಂಗರಾವ್ ಎಂಬ ಟ್ರೇಸರ್, ತಮ್ಮ ಹುದ್ದೆಗೆ ಸರ್ಕಾರ ಎರಡು ಶ್ರೇಣಿ ಮಾಡಿದ್ದನ್ನು ಪ್ರಶ್ನಿಸಿದರು. ಮೆಟ್ರಿಕ್ ಆದ ಟ್ರೇಸರಿಗೆ 50ರಿಂದ 120 ರೂಪಾಯಿ, ಆಗದವನಿಗೆ 40ರಿಂದ 80. ಕೆಲಸ ಒಂದೇ, ಮೇಜು ಒಂದೇ. ಮೊದಲ ದಿನದ ಅಂತರ ಹತ್ತು ರೂಪಾಯಿ, ಶ್ರೇಣಿಯ ತುದಿಯಲ್ಲಿ ನಲವತ್ತು. ವರ್ಷ ಕಳೆದಂತೆ, ಕೈ ಪಳಗಿದಂತೆ, ಅಂತರ ಕಿರಿದಾಗುವ ಬದಲು ಹಿರಿದಾಗುತ್ತಿತ್ತು. ಮೈಸೂರು ಹೈಕೋರ್ಟು ಅವರ ಕಡೆ ತೀರ್ಪು ಕೊಟ್ಟಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1968ರ ಕಾನೂನು ವರದಿಗಳಲ್ಲಿ ಅಚ್ಚಾಗಿರುವ ಆ ತೀರ್ಪು ಸರ್ಕಾರದ ಪರವಾಗಿತ್ತು: ಹೆಚ್ಚಿನ ವಿದ್ಯಾರ್ಹತೆಯ ಆಧಾರದ ಮೇಲೆ ಒಂದೇ ಹುದ್ದೆಯವರನ್ನು ಎರಡು ಶ್ರೇಣಿಗಳಲ್ಲಿಡುವುದು ಸಂವಿಧಾನದ 14, 16ನೇ ವಿಧಿಗಳಿಗೆ ವಿರುದ್ಧವಲ್ಲ.

ಟ್ರೇಸರುಗಳ ಈ ಸೋಲು ಆಸ್ಪತ್ರೆಯ ವಾರ್ಡಿನವರೆಗೂ ಬಂತು. ಮಿಡ್ಲ್ ಸ್ಕೂಲು ಓದಿ, ಕನ್ನಡದಲ್ಲೇ ಪಾಠ ಕಲಿತು ದಾದಿಯಾದ ಹಳೆಯ ತಲೆಮಾರಿನವರಿಗೂ, 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ತರುವಾಯ ಮೆಟ್ರಿಕ್ ಮುಗಿಸಿ ಹೊಸ ಡಿಪ್ಲೊಮಾ ಪಡೆದು ಬಂದವರಿಗೂ ನಡುವೆ ಸರ್ಕಾರ ಬೇರೆ ಶ್ರೇಣಿ ಇಟ್ಟರೆ ಕೇಳುವ ಬಾಯಿ ಕಟ್ಟಿದಂತಾಯಿತು. ರಾತ್ರಿ ಪಾಳಿಯಲ್ಲಿ ವಾರ್ಡಿಗೆ ಒಬ್ಬಳೇ ಇರುವಾಗ ಎರಡು ಗಂಟೆಯ ಹೊತ್ತಿಗೆ ರಕ್ತಸ್ರಾವ ಆರಂಭವಾದ ಬಾಣಂತಿಗೆ ನರ್ಸಮ್ಮ ಮೆಟ್ರಿಕ್ ಪಾಸೋ ಅಲ್ಲವೋ ಎಂಬುದು ಗೊತ್ತಿಲ್ಲ. ಕುದಿಯುವ ನೀರಿನ ತಟ್ಟೆಯಿಂದ ಗಾಜಿನ ಸಿರಿಂಜನ್ನು ಚಿಮಟದಲ್ಲಿ ಎತ್ತಿ, ಸೂಜಿ ಸೇರಿಸಿ, ಡಾಕ್ಟರಿಗೆ ಆಳು ಕಳಿಸಿ, ಅವರು ಬರುವಷ್ಟರಲ್ಲಿ ಕಾಲಿನ ಕಡೆ ಮಂಚವನ್ನು ಎತ್ತರಿಸಿ, ನಾಡಿ ಎಣಿಸಿ ರಿಪೋರ್ಟ್ ಪುಸ್ತಕದಲ್ಲಿ ಬರೆದಿಟ್ಟ ಕೈಗೆ ಇಪ್ಪತ್ತು ವರ್ಷದ ಅನುಭವವಿತ್ತು. ಆ ಅನುಭವಕ್ಕೆ ಕಾನೂನಿನ ತಕ್ಕಡಿಯಲ್ಲಿ ಇಡಲು ಬಟ್ಟು ಇರಲಿಲ್ಲ. ನರಸಿಂಗರಾವ್ ಮೊಕದ್ದಮೆಯಲ್ಲಿ ಮೈಸೂರು ಹೈಕೋರ್ಟು ಕಂಡದ್ದೇ ಸರಿಯೆಂದು ನಾನು ಇಂದಿಗೂ ನಂಬುತ್ತೇನೆ.

ಇಷ್ಟರಲ್ಲಿ ವೇತನ ಆಯೋಗಗಳ ಯುಗ ಬಂದಿತ್ತು. ನ್ಯಾಯಮೂರ್ತಿ ಟಿ.ಕೆ. ತುಕೋಳ್ ಅವರ ಆಯೋಗ 1966ರಿಂದ 1968ರವರೆಗೆ ಕೂತಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೆ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎ. ನಾರಾಯಣ ಪೈ ಅವರ ಆಯೋಗ 1974ರಿಂದ 1976ರವರೆಗೆ ನಡೆಯಿತು. ಅದರ ಹಿಂದೆಯೇ ಬಂದ ಪರಿಷ್ಕೃತ ಶ್ರೇಣಿಗಳು 1977ರ ಜನವರಿ 1ರಿಂದ ಜಾರಿಯಾದವು. ಒಂದೊಂದು ಪರಿಷ್ಕರಣೆಯೂ ಹೊಸ ಆಸೆಯನ್ನು ತರುತ್ತಿತ್ತು, ಹೊಸ ವ್ಯಾಜ್ಯವನ್ನೂ.

ವ್ಯಾಜ್ಯ ಹುಟ್ಟುವ ಜಾಗ ಸೇವಾ ಪುಸ್ತಕ. ದಪ್ಪ ರಟ್ಟಿನ ಈ ಪುಸ್ತಕದ ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ದಿನಾಂಕ, ಎತ್ತರ, ಮೈಮೇಲಿನ ಗುರುತು, ಬೆರಳಚ್ಚು. ಒಳಗೆ ವರ್ಷ ವರ್ಷದ ವೇತನ ಬಡ್ತಿ, ರಜೆ, ವರ್ಗಾವಣೆ. ಶ್ರೇಣಿ ಪರಿಷ್ಕರಣೆಯಾದಾಗಲೆಲ್ಲ ಇದಕ್ಕೊಂದು ವೇತನ ನಿಗದಿ ತಃಖ್ತೆ ಅಂಟುತ್ತದೆ: ಹಳೆಯ ಮೂಲ ವೇತನ ಇಷ್ಟು, ವಿಲೀನವಾದ ತುಟ್ಟಿಭತ್ಯೆ ಇಷ್ಟು, ಹೊಸ ಶ್ರೇಣಿಯಲ್ಲಿ ಕೂಡಿಸುವ ಹಂತ ಇದು, ಮುಂದಿನ ಬಡ್ತಿಯ ತಾರೀಖು ಇದು. ಅದರಲ್ಲಿ ಒಂದು ಹಂತ ತಪ್ಪಿದರೆ ಆ ತಪ್ಪು ಪಿಂಚಣಿಯವರೆಗೂ ಬರುತ್ತದೆ. ಬಡ್ತಿಯ ತಾರೀಖು ಎರಡು ತಿಂಗಳು ಹಿಂದೆ ಮುಂದೆ ಆದದ್ದಕ್ಕೇ ಹಿರಿಯಳ ಸಂಬಳ ಕಿರಿಯಳಿಗಿಂತ ಕಡಿಮೆಯಾಗುವುದುಂಟು. ಗುಮಾಸ್ತರ ಮೇಜಿನ ಮುಂದೆ ನಿಂತು ಆ ತಃಖ್ತೆಯನ್ನು ಸಾಲು ಸಾಲಾಗಿ ಓದಲು ಕಲಿತ ನರ್ಸುಗಳು ತಮ್ಮ ಸಂಘದಲ್ಲಿ ವಕೀಲರಿಗಿಂತ ಹೆಚ್ಚು ಬೆಲೆಯುಳ್ಳವರಾದರು.

ಮಲ್ಲೇಶ್ವರಂನವರಿಗೆ ಇನ್ನೊಂದು ಹೋಲಿಕೆಯೂ ಕಣ್ಣೆದುರಿಗಿತ್ತು. ಸ್ಯಾಂಕಿ ಕೆರೆ ದಾಟಿದರೆ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಅದು ಕೇಂದ್ರ ಸರ್ಕಾರದ್ದು. ಕೇಂದ್ರದವರಿಗೆ ಕೇಂದ್ರದ ಶ್ರೇಣಿ, ರಾಜ್ಯದವರಿಗೆ ರಾಜ್ಯದ ಶ್ರೇಣಿ. ಅಕ್ಕಿ ಬೆಲೆ ಇಬ್ಬರಿಗೂ ಒಂದೇ. ಆದರೂ ಯಜಮಾನ ಬೇರೆಯಾದರೆ ಹೋಲಿಕೆ ಸಲ್ಲದೆಂಬುದು ನ್ಯಾಯಾಲಯಗಳು ಹಿಡಿದ ಹಾದಿಯಾಯಿತು.

1982ರ ಫೆಬ್ರವರಿ 22ರಂದು ಬಂದ ತೀರ್ಪು ಎಲ್ಲರ ಆಸೆಯನ್ನು ಚಿಗುರಿಸಿತು. ದೆಹಲಿ ಪೊಲೀಸ್ ಇಲಾಖೆಯ ಚಾಲಕ ರಣಧೀರ್ ಸಿಂಗ್, ದೆಹಲಿ ಆಡಳಿತದ ಬೇರೆ ಇಲಾಖೆಗಳ ಚಾಲಕರಿಗೆ ಸಿಗುವ ಸಂಬಳ ತನಗೇಕಿಲ್ಲವೆಂದು ಕೇಳಿದ್ದ. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರು 39ನೇ ವಿಧಿಯ ಡಿ ಖಂಡವನ್ನು 14, 16ನೇ ವಿಧಿಗಳ ಜೊತೆ ಓದಿ, ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವವನ್ನು ಕೋರ್ಟಿನಲ್ಲಿ ಕೇಳಿ ಪಡೆಯಬಹುದಾದದ್ದೆಂದು ಸಾರಿದರು.

ಆದರೆ ನರ್ಸುಗಳ ವ್ಯಾಜ್ಯದಲ್ಲಿ ಚಾಲಕರ ವ್ಯಾಜ್ಯಕ್ಕಿಲ್ಲದ ಒಂದು ತೊಡಕಿತ್ತು. ಚಾಲಕ ಚಾಲಕನ ಕಡೆ ಬೆರಳು ತೋರಿಸಬಹುದು. ನರ್ಸು ಯಾರ ಕಡೆ ತೋರಿಸಬೇಕು? 39ನೇ ವಿಧಿ ಗಂಡಿಗೂ ಹೆಣ್ಣಿಗೂ ಸಮಾನ ವೇತನ ಎನ್ನುತ್ತದೆ. 1976ರ ಸಮಾನ ಸಂಭಾವನೆ ಕಾಯ್ದೆಯೂ ಒಂದೇ ಬಗೆಯ ಕೆಲಸ ಮಾಡುವ ಗಂಡು ಹೆಣ್ಣುಗಳನ್ನು ಹೋಲಿಸುತ್ತಿತ್ತು. ವಾರ್ಡಿನಲ್ಲಿ ಹೋಲಿಸಲು ಗಂಡಸರೇ ಇರಲಿಲ್ಲ. ಕೆಲಸವನ್ನು ಹೆಣ್ಣಿನ ಕೆಲಸವೆಂದು ತೀರ್ಮಾನಿಸಿ ಅದಕ್ಕೆ ಮೊದಲೇ ಕಡಿಮೆ ಬೆಲೆ ಕಟ್ಟಿಟ್ಟಿದ್ದರೆ ಅದರೊಳಗೆ ಎಲ್ಲರೂ ಸಮಾನರೇ. ಆದ್ದರಿಂದ ನರ್ಸುಗಳು ಹೋಲಿಸಿಕೊಳ್ಳಬೇಕಾದದ್ದು ಔಷಧ ವಿತರಕರೊಂದಿಗೆ, ಎಕ್ಸ್‌ರೇ ತಂತ್ರಜ್ಞರೊಂದಿಗೆ, ಪ್ರಯೋಗಾಲಯದವರೊಂದಿಗೆ, ಶಾಲಾ ಶಿಕ್ಷಕರೊಂದಿಗೆ. ಮೂರು ವರ್ಷದ ಮೇಲ್ಪಟ್ಟ ತರಬೇತಿ, ಸರದಿಯ ಪಾಳಿ, ಸೋಂಕಿನ ಭಯ, ಒಂದು ತಪ್ಪಿಗೆ ಒಂದು ಜೀವ, ಇವನ್ನೆಲ್ಲ ಬೇರೆ ಕಸುಬಿನ ಹೊಣೆಗಳ ಪಕ್ಕ ಇಟ್ಟು ತೂಗಬೇಕು.

ತೂಗುವವರು ಯಾರು ಎಂಬುದೇ ಮುಂದಿನ ಪ್ರಶ್ನೆಯಾಯಿತು. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯಂತೆ 1986ರ ಅಕ್ಟೋಬರ್ 6ರಂದು ಕರ್ನಾಟಕ ಆಡಳಿತ ನ್ಯಾಯಮಂಡಳಿ ಸ್ಥಾಪನೆಯಾಯಿತು. ಹೈಕೋರ್ಟಿನಲ್ಲಿ ಕೂತಿದ್ದ ಸೇವಾ ವ್ಯಾಜ್ಯಗಳ ಕಡತಗಳು ಅಲ್ಲಿಗೆ ಹೋದವು. ಬೇಗ ತೀರ್ಪು, ಕಡಿಮೆ ಖರ್ಚು ಎಂಬುದು ಅದರ ಉದ್ದೇಶ. ಆದರೆ ಇಲಾಖೆಯೊಳಗಿನ ಮನವಿ ಮೇಲ್ಮನವಿಗಳನ್ನು ಮುಗಿಸಿಕೊಂಡೇ ಬರಬೇಕು, ಅಂತಿಮ ಆದೇಶವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತನ್ನ ಶ್ರೇಣಿಯಲ್ಲಿ ಅನ್ಯಾಯವಾಗಿದೆಯೆಂದು ಹತ್ತು ವರ್ಷದ ಮೇಲೆ ತಿಳಿದವರ ಪಾಡೇನು? ಅದಕ್ಕೆ ಉತ್ತರ ಸಿಕ್ಕಿದ್ದು 1995ರಲ್ಲಿ. ಎಂ.ಆರ್. ಗುಪ್ತಾ ಎಂಬ ರೈಲ್ವೆ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಪ್ಪು ವೇತನ ನಿಗದಿ ಮುಂದುವರಿಯುತ್ತಲೇ ಇರುವ ಅನ್ಯಾಯ, ಕಡಿಮೆ ಸಂಬಳ ಕೈಗೆ ಬಂದ ಪ್ರತಿ ತಿಂಗಳೂ ಹೊಸ ವ್ಯಾಜ್ಯಕಾರಣ ಹುಟ್ಟುತ್ತದೆ ಎಂದಿತು. ಹಳೆಯ ಹಿಂಬಾಕಿಗೆ ಕಾಲಮಿತಿಯ ಕತ್ತರಿ ಬಿದ್ದರೂ ಮುಂದಿನ ಸಂಬಳ ಸರಿಯಾಗಲು ದಾರಿಯಾಯಿತು. ಸೇವಾ ಪುಸ್ತಕ ಓದಲು ಬಲ್ಲವರ ಶ್ರಮಕ್ಕೆ ಬೆಲೆ ಬಂತು.

ಅಷ್ಟರಲ್ಲಿ ದೊಡ್ಡ ಬಾಗಿಲೊಂದು ಅರ್ಧ ಮುಚ್ಚಿತ್ತು. 1988ರ ಸೆಪ್ಟೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟಿನ ಬೆಂಚ್ ಕಾರ್ಯದರ್ಶಿಗಳ ಮೊಕದ್ದಮೆ, ಚೌರಾಸಿಯಾ ಪ್ರಕರಣವೆಂದು ಹೆಸರಾದದ್ದು, ತೀರ್ಮಾನವಾಯಿತು. ತೀರ್ಪು ಬರೆದವರು ಹಿಂದೆ ನಮ್ಮ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಹುದ್ದೆಗಳ ಕೆಲಸ, ಹೊಣೆ, ಅರ್ಹತೆಗಳನ್ನು ತೂಗಿ ಸಮೀಕರಿಸುವುದು ವೇತನ ಆಯೋಗದಂಥ ತಜ್ಞರ ಕೆಲಸ, ಅದು ನ್ಯಾಯಾಲಯದ ಪ್ರಮಾಣಪತ್ರಗಳಲ್ಲಿ ತೀರುವ ಮಾತಲ್ಲ ಎಂಬುದು ಅದರ ತಿರುಳು. ಮರುವರ್ಷ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಶ್ರವಣ ಚಿಕಿತ್ಸಕ ಮೇವಾರಾಮ್ ಕನೋಜಿಯಾ, ಅದೇ ಆಸ್ಪತ್ರೆಯ ಬೇರೆ ಚಿಕಿತ್ಸಕರ ವೇತನ ಕೇಳಿ ಸೋತರು. ಅಲ್ಲಿಯೂ ಅಡ್ಡ ಬಂದದ್ದು ವಿದ್ಯಾರ್ಹತೆಯ ವ್ಯತ್ಯಾಸ. ಟ್ರೇಸರುಗಳ ಮೇಜಿನ ಮೇಲೆ ಎಳೆದ ಗೆರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಹೆಸರಿಟ್ಟು ಕಾಣಿಸಿಕೊಂಡಿತು.

ಜಗನ್ನಾಥ ಶೆಟ್ಟಿಯವರ ಮಾತಿನಲ್ಲಿ ಹುರುಳಿದೆ. ನ್ಯಾಯಾಧೀಶರು ಪ್ರತಿ ಹುದ್ದೆಯ ಬೆಲೆ ಕಟ್ಟುತ್ತ ಕೂರಲಾರರು. ಆದರೆ ತಜ್ಞರ ಮುಂದೆ ಹೋದಾಗ ಏನಾಗುತ್ತಿತ್ತು? ಲಕ್ಷಗಟ್ಟಲೆ ನೌಕರರ ನೂರಾರು ಹುದ್ದೆಗಳ ನಡುವೆ ನರ್ಸುಗಳ ಜ್ಞಾಪನವೂ ಒಂದು. ರಾತ್ರಿ ಪಾಳಿ ಬಿಟ್ಟು ಅಹವಾಲು ಹೇಳಲು ಹೋಗುವಷ್ಟು ಬಿಡುವೂ ಅವರಿಗಿಲ್ಲ. ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 1980ರ ದಶಕದ ಕೊನೆಯಲ್ಲಿ ನರ್ಸುಗಳ ಬಗ್ಗೆಯೇ ಕೂತು, ವಾರಕ್ಕೆ 40 ಗಂಟೆಯ ಕೆಲಸವೆಂದು ಶಿಫಾರಸು ಮಾಡಿತು. ತಜ್ಞರು ಕೊಟ್ಟ ಮಾತನ್ನು ಸರ್ಕಾರಗಳು ಪಾಲಿಸದಿದ್ದರೆ ಏನು ಮಾಡಬೇಕೆಂಬುದಕ್ಕೆ ಚೌರಾಸಿಯಾ ತೀರ್ಪಿನಲ್ಲಿ ಉತ್ತರವಿಲ್ಲ.

ಕೊಟ್ಟದ್ದನ್ನು ಕಿತ್ತುಕೊಳ್ಳುವ ಆದೇಶಗಳೂ ಬರುತ್ತಿದ್ದವು. ಶ್ರೇಣಿ ತಪ್ಪಾಗಿ ಕೊಟ್ಟಿದ್ದೇವೆ, ಹೆಚ್ಚಿಗೆ ಹೋದದ್ದನ್ನು ಕಂತಿನಲ್ಲಿ ಹಿಡಿಯುತ್ತೇವೆ ಎಂಬ ಜ್ಞಾಪನ ನಿವೃತ್ತಿಯ ಅಂಚಿನಲ್ಲಿ ಕೈಗೆ ಬಂದರೆ ಮನೆಯೇ ನಡುಗುತ್ತದೆ. ಇದಕ್ಕೆ ತಡೆ ಹಾಕಿದವರು ರೈಲ್ವೆಯ ಔಷಧ ವಿತರಕರು. 1973ರಿಂದ ಅವರಿಗೆ 330ರಿಂದ 560 ರೂಪಾಯಿಯ ಶ್ರೇಣಿ ಕೊಟ್ಟು, 1984ರಲ್ಲಿ ಅದನ್ನು 330ರಿಂದ 480ಕ್ಕೆ ಇಳಿಸಲಾಗಿತ್ತು. ಶ್ಯಾಮ್ ಬಾಬು ವರ್ಮಾ ಪ್ರಕರಣದಲ್ಲಿ 1994ರ ಫೆಬ್ರವರಿ 8ರಂದು ಸುಪ್ರೀಂ ಕೋರ್ಟು, ಮೇಲಿನ ಶ್ರೇಣಿಗೆ ಅವರು ಅರ್ಹರಲ್ಲದಿದ್ದರೂ ತಮ್ಮ ತಪ್ಪಿಲ್ಲದೆ ಪಡೆದ ಹಣವನ್ನು ವಸೂಲು ಮಾಡಬಾರದೆಂದಿತು. ಆಸ್ಪತ್ರೆ ನೌಕರರ ಪರ ವಕೀಲರು ಆ ತೀರ್ಪನ್ನು ಕಂಠಪಾಠ ಮಾಡಿಕೊಂಡರೆ ಆಶ್ಚರ್ಯವಿಲ್ಲ.

1997ರ ಮಾರ್ಚಿ 18ರಂದು ಚಂದ್ರಕುಮಾರ್ ಪ್ರಕರಣದಲ್ಲಿ ಸಂವಿಧಾನ ಪೀಠವು ನ್ಯಾಯಮಂಡಳಿಗಳ ತೀರ್ಪುಗಳನ್ನು ಮತ್ತೆ ಹೈಕೋರ್ಟಿನ ಪರಿಶೀಲನೆಗೆ ಒಳಪಡಿಸಿತು. ಅಠಾರ ಕಚೇರಿಯ ಹಾದಿ ನೌಕರರಿಗೆ ಮರಳಿ ತೆರೆಯಿತು. ಒಂದು ಮೆಟ್ಟಿಲು ಹೆಚ್ಚಾಯಿತೆಂದು ಬೇಸರಪಟ್ಟವರುಂಟು. ಆದರೆ ಎಲ್ಲ ಕಡೆ ಸೋತು ಬಂದವರಿಗೆ ಆ ಇನ್ನೊಂದು ಮೆಟ್ಟಿಲು ದೊಡ್ಡ ಆಸರೆ.

ಆಮೇಲಿನ ಕಾಲದಲ್ಲಿ ವ್ಯಾಜ್ಯದ ಸ್ವರೂಪವೇ ಬದಲಾಯಿತು. ಶ್ರೇಣಿ ಯಾವುದೆಂದು ಕೇಳುವವರ ಪಕ್ಕದಲ್ಲಿ ಶ್ರೇಣಿಯೇ ಇಲ್ಲದ ಗುತ್ತಿಗೆಯವರು ಬಂದು ನಿಂತರು. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರಿಂದ ಹೊರಟದ್ದು, 2006ರ ಏಪ್ರಿಲ್ 10ರಂದು ತೀರ್ಮಾನವಾಗಿ, ಹಿಂಬಾಗಿಲಿನಿಂದ ಬಂದವರು ಖಾಯಮಾತಿಯ ಹಕ್ಕು ಕೇಳಲಾಗದೆಂಬ ನಿಯಮ ದೇಶಕ್ಕೆಲ್ಲ ಅನ್ವಯವಾಯಿತು. ಹತ್ತು ವರ್ಷ ಕೋರ್ಟಿನ ಆದೇಶದ ಬಲವಿಲ್ಲದೆ ಮಂಜೂರಾದ ಹುದ್ದೆಯಲ್ಲಿ ದುಡಿದವರಿಗೆ ಒಂದು ಬಾರಿಯ ವಿನಾಯಿತಿ ಮಾತ್ರ. ಗುತ್ತಿಗೆಯ ನರ್ಸುಗಳು ಖಾಯಂ ನರ್ಸುಗಳ ಜೊತೆ ಒಂದೇ ಡ್ಯೂಟಿ ಪಟ್ಟಿಯಲ್ಲಿ, ಒಂದೇ ಬಣ್ಣದ ಸಮವಸ್ತ್ರದಲ್ಲಿ, ಬೇರೆ ಸಂಬಳಕ್ಕೆ ದುಡಿಯತೊಡಗಿದರು. 2016ರ ಅಕ್ಟೋಬರ್ 26ರಂದು ಜಗಜಿತ್ ಸಿಂಗ್ ಪ್ರಕರಣದಲ್ಲಿ, ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜೆ.ಎಸ್. ಖೇಹರ್ ಅವರಿದ್ದ ಪೀಠ, ಖಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ಶ್ರೇಣಿಯ ಕನಿಷ್ಠ ವೇತನ ಕೊಡಬೇಕೆಂದಿತು. ಅವರಿಗೆ ದಕ್ಕಿದ್ದು ಶ್ರೇಣಿಯ ಮೊದಲ ಅಂಕೆ. ವರ್ಷಕ್ಕೊಂದು ಬಡ್ತಿಯಂತೆ ಆ ಶ್ರೇಣಿಯಲ್ಲಿ ಮೇಲೇರುವ ಹಕ್ಕನ್ನು ಆ ತೀರ್ಪು ಕೊಡಲಿಲ್ಲ.